ವೈದ್ಯರ ಗುರುಗಳಿಗೂ ಪಾಠಶಾಲೆ

ಮನೆಯಲ್ಲಿ ಮಗುವಿಗೆ ಜ್ವರ ಬಂದರೆ ನಾವು ವೈದ್ಯರಲ್ಲಿಗೆ ಓಡುತ್ತೇವೆ. ಅವರು ಯಾವ ಕಾಲೇಜಿನಲ್ಲಿ ಓದಿದವರೆಂದು ವಿಚಾರಿಸುವುದೂ ಉಂಟು. ಆದರೆ ಅವರಿಗೆ ಪಾಠ ಹೇಳಿದವರು ಪಾಠ ಹೇಳುವುದನ್ನು ಎಲ್ಲಿ ಕಲಿತರೆಂದು ಕೇಳುವ ಗೃಹಸ್ಥರು ವಿರಳ. ಹಳ್ಳಿಯ ಶಾಲೆಯಲ್ಲಿ ಅಕ್ಷರ ತಿದ್ದಿಸಬೇಕಾದರೂ ಉಪಾಧ್ಯಾಯನು ಮೊದಲು ತರಬೇತಿ ಪಡೆದಿರಬೇಕು. ಶಸ್ತ್ರ ಹಿಡಿಯುವ ಕೈಗಳನ್ನು ತಿದ್ದುವವರಿಗೆ ಮಾತ್ರ ಬಹುಕಾಲ ಅಂಥ ಕಟ್ಟುಪಾಡು ಇರಲಿಲ್ಲ. ರೋಗವನ್ನು ಬಲ್ಲವನು ಅದನ್ನು ಬೋಧಿಸಲೂ ಬಲ್ಲನೆಂದು ಲೋಕವು ನಂಬಿಕೊಂಡಿತ್ತು.

ಕಾಳಿದಾಸನಿಗೆ ಈ ನಂಬಿಕೆ ಇದ್ದಂತೆ ತೋರುವುದಿಲ್ಲ. ಆತನ 'ಮಾಳವಿಕಾಗ್ನಿಮಿತ್ರ'ದಲ್ಲಿ ಗಣದಾಸ, ಹರದತ್ತರೆಂಬ ನಾಟ್ಯಾಚಾರ್ಯರಿಬ್ಬರು ತಮ್ಮಲ್ಲಿ ಹೆಚ್ಚಿನವರಾರೆಂದು ವಿವಾದಕ್ಕೆ ನಿಲ್ಲುತ್ತಾರೆ. ಮಧ್ಯಸ್ಥಳಾದ ಪರಿವ್ರಾಜಿಕೆಯು ಸ್ವಂತ ವಿದ್ಯೆ ಬೇರೆ, ಅದನ್ನು ಶಿಷ್ಯರಿಗೆ ದಾಟಿಸುವ ಶಕ್ತಿ ಬೇರೆ ಎಂದು ವಿಂಗಡಿಸುತ್ತಾಳೆ. ಗುರುಗಳ ಯೋಗ್ಯತೆಯನ್ನು ಶಿಷ್ಯೆಯರ ಪ್ರಯೋಗದಿಂದ ಅಳೆಯತಕ್ಕದ್ದೆಂದು ಅಲ್ಲಿ ಗೊತ್ತಾಗುತ್ತದೆ.

ವೈದ್ಯಶಿಕ್ಷಣದಲ್ಲಿ ಈ ವಿವೇಕವು ಕಾರ್ಯರೂಪಕ್ಕೆ ಬಂದುದು ತಡವಾಗಿ. ಅಮೆರಿಕದ ಬಫಲೋದಲ್ಲಿ 1950ರ ದಶಕದಲ್ಲಿ ಜಾರ್ಜ್ ಮಿಲ್ಲರ್ ಎಂಬ ವೈದ್ಯರು ಶಿಕ್ಷಣಶಾಸ್ತ್ರಜ್ಞರನ್ನು ಜೊತೆಗೆ ಸೇರಿಸಿಕೊಂಡು, ವೈದ್ಯಕೀಯ ಅಧ್ಯಾಪಕರಿಗೆ ಅಧ್ಯಾಪನವನ್ನು ಕಲಿಸತೊಡಗಿದರು. ನಮ್ಮ ದೇಶದಲ್ಲಿ 1970ರ ದಶಕದಲ್ಲಿ ಪುದುಚೇರಿಯ ಜಿಪ್‌ಮರ್ ಸಂಸ್ಥೆಯಲ್ಲಿ ಶಿಕ್ಷಕರ ತರಬೇತಿ ಕೇಂದ್ರವೊಂದು ಏರ್ಪಟ್ಟಿತು. ಆದರೆ ತೊಡಕೊಂದು ಉಳಿದೇ ಇತ್ತು. ವೈದ್ಯಶಿಕ್ಷಕನು ಶಿಕ್ಷಕನಾಗಿರುವಂತೆ ವೈದ್ಯನೂ ಆಗಿದ್ದಾನೆ. ರೋಗಿಗಳನ್ನು ವಾರ್ಡಿನಲ್ಲಿ ಬಿಟ್ಟು ಅವನು ತಿಂಗಳುಗಟ್ಟಲೆ ಪರಸ್ಥಳದಲ್ಲಿ ಹೋಗಿ ಕೂಡುವುದೆಂತು?

ಫಿಲಡೆಲ್ಫಿಯಾದಲ್ಲಿ 'ಫೈಮರ್' ಎಂಬ ಸಂಸ್ಥೆಯು 2001ರಲ್ಲಿ ಆರಂಭಿಸಿದ ವ್ಯಾಸಂಗಕ್ರಮವು ಇದಕ್ಕೊಂದು ದಾರಿ ತೋರಿಸಿತು. ಅದೇ ಮಾದರಿಯ ಕೇಂದ್ರಗಳು 2005ರಲ್ಲಿ ಮುಂಬಯಿಯ ಸೇಠ್ ಜಿ. ಎಸ್. ವೈದ್ಯಕೀಯ ಕಾಲೇಜಿನಲ್ಲಿಯೂ, 2006ರಲ್ಲಿ ಲೂಧಿಯಾನದ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿಯೂ, 2007ರಲ್ಲಿ ಕೊಯಮತ್ತೂರಿನ ಪಿ. ಎಸ್. ಜಿ. ಸಂಸ್ಥೆಯಲ್ಲಿಯೂ ಹುಟ್ಟಿಕೊಂಡವು. ಇವುಗಳ ಕ್ರಮ ಇಂತಿದೆ: ಶಿಕ್ಷಕರು ಕೆಲವು ದಿನ ಒಂದೆಡೆ ಕಲೆತು, ಮುಖಾಮುಖಿಯಾಗಿ ಕಲಿಯುತ್ತಾರೆ. ಬಳಿಕ ತಂತಮ್ಮ ಊರಿಗೆ ಮರಳಿ, ಉಳಿದ ತಿಂಗಳುಗಳಲ್ಲಿ ಅಂತರ್ಜಾಲದ ಮೂಲಕ ಚರ್ಚೆ ನಡೆಸುತ್ತಾರೆ. ಮರುವರ್ಷ ಪುನಃ ಕೂಡುತ್ತಾರೆ.

ಇದರಲ್ಲಿ ನನ್ನ ಮನಸ್ಸಿಗೆ ಹಿಡಿಸಿದ ಅಂಶ ಯಂತ್ರವಲ್ಲ. ಪ್ರತಿಯೊಬ್ಬ ಶಿಕ್ಷಕನೂ ತನ್ನ ಕಾಲೇಜಿನಲ್ಲಿಯೇ ಒಂದು ಸುಧಾರಣೆಯನ್ನು ಕೈಗೊಂಡು ನಡೆಸಿ ತೋರಿಸಬೇಕೆಂಬ ನಿಯಮ ಅಲ್ಲಿದೆ. ದೃಷ್ಟಾಂತಕ್ಕೆ ಪರೀಕ್ಷೆಯ ವಿಷಯವನ್ನೇ ನೋಡಿರಿ. ಹಳೆಯ ಪದ್ಧತಿಯಲ್ಲಿ ಒಬ್ಬ ವಿದ್ಯಾರ್ಥಿಗೆ ಸುಲಭವಾದ ರೋಗಿ, ಇನ್ನೊಬ್ಬನಿಗೆ ಕಠಿನವಾದ ರೋಗಿ ದೊರೆತು, ಉತ್ತೀರ್ಣತೆಯು ಅದೃಷ್ಟದ ಮಾತಾಗುತ್ತಿತ್ತು. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಎಂಬವರು 1975ರಲ್ಲಿ ಪ್ರಕಟಿಸಿದ 'ಆಸ್ಕಿ' ಪದ್ಧತಿಯಲ್ಲಿ ಎಲ್ಲ ವಿದ್ಯಾರ್ಥಿಗಳೂ ಅವೇ ನೆಲೆಗಳನ್ನು ಸರದಿಯಂತೆ ಹಾದುಹೋಗುತ್ತಾರೆ. ಒಂದೆಡೆ ರಕ್ತದೊತ್ತಡ ನೋಡುವುದು, ಇನ್ನೊಂದೆಡೆ ರೋಗಿಯೊಡನೆ ಮಾತನಾಡುವುದು. ಪರೀಕ್ಷಕನ ಕೈಯಲ್ಲಿ ಗೊತ್ತಾದ ಪಟ್ಟಿ. ಇಂಥದನ್ನು ತನ್ನ ವಿಭಾಗದಲ್ಲಿ ಜಾರಿಗೆ ತರಲು ಹೊರಟ ಶಿಕ್ಷಕಿಗೆ ಮೇಲಧಿಕಾರಿಗಳ ಅನುಮಾನ, ಸಹೋದ್ಯೋಗಿಗಳ ಔದಾಸೀನ್ಯ, ಕೊಠಡಿಗಳ ಅಭಾವ ಎಲ್ಲವೂ ಎದುರಾಗುವುದು ಶಿಬಿರ ಮುಗಿದ ಮೇಲೆಯೇ. ಆಗಲೇ ಅವಳಿಗೆ ದೂರದ ಗೆಳೆಯರ ಸಲಹೆ ಬೇಕಾಗುವುದು. ಶಿಬಿರವೊಂದರಿಂದಲೇ ಈ ಉಪಕಾರ ದೊರೆಯಲಾರದು.

2020ರಲ್ಲಿ ಕೋವಿಡ್ ಮಹಾಮಾರಿ ಬಂದಾಗ ಮುಖಾಮುಖಿ ಭಾಗವೂ ನಿಂತು, ಪಾಠವೆಲ್ಲವೂ ಗಣಕಯಂತ್ರದ ಪರದೆಗೆ ಏರಿತು. ಹಣವೂ ಪ್ರಯಾಣವೂ ಉಳಿದವೆಂಬುದು ನಿಜ. ಚೆನ್ನೈಯ ರಾಷ್ಟ್ರೀಯ ಸಾಂಕ್ರಾಮಿಕ ರೋಗವಿಜ್ಞಾನ ಸಂಸ್ಥೆಯು ವೈದ್ಯಕೀಯ ಅಧ್ಯಾಪಕರಿಗೆ ಸಂಶೋಧನೆಯ ಮೂಲಪಾಠಗಳನ್ನು ಅಂತರ್ಜಾಲದಲ್ಲಿಯೇ ಹೇಳುತ್ತದೆ. ಪರೀಕ್ಷೆ ಮಾತ್ರ ನಿಯತ ಕೇಂದ್ರದಲ್ಲಿ. ಕಿವಿಯಿಂದ ಕೇಳಿ ಮನಸ್ಸಿನಿಂದ ಗ್ರಹಿಸತಕ್ಕ ವಿಷಯಕ್ಕೆ ಇದು ಸಾಕು. ಆದರೆ ಕೈಯಿಂದ ಕಲಿಯತಕ್ಕುದೂ ಇದೆಯಷ್ಟೆ. ಸುಶ್ರುತನು ಕುಂಬಳ, ಸೋರೆ ಮೊದಲಾದ ಕಾಯಿಗಳ ಮೇಲೆ ಶಿಷ್ಯನಿಂದ ಛೇದನದ ಅಭ್ಯಾಸ ಮಾಡಿಸಬೇಕೆಂದು ವಿಧಿಸಿದ್ದಾನೆ. ಕೇಳಿದುದರಿಂದಲೇ ಕೈ ಪಳಗದು.

ಅಧ್ಯಾಪನವೂ ಹೀಗೆಯೇ ಒಂದು ಕೈಗೆಲಸವೆಂದು, ಬಾಳಿನ ಬಹುಭಾಗ ಕರಿಹಲಗೆಯ ಮುಂದೆ ನಿಂತ ನನ್ನ ಅಭಿಪ್ರಾಯ. ವೈದ್ಯಶಿಕ್ಷಕರ ತರಬೇತಿಯಲ್ಲಿ ಕೆಲವೇ ನಿಮಿಷಗಳ ಪಾಠವನ್ನು ಸಹೋದ್ಯೋಗಿಗಳ ಮುಂದೆ ಹೇಳಿ, ಅವರಿಂದ ಗುಣದೋಷಗಳನ್ನು ಕೇಳಿಕೊಳ್ಳುವ ಅಭ್ಯಾಸವೊಂದುಂಟು. ಪರದೆಯ ಮೇಲೆ ಇದನ್ನು ನಡೆಸಿದರೆ ಒಂದು ಲಾಭವಿದೆ: ತನ್ನ ಪಾಠದ ಚಿತ್ರವನ್ನು ತಾನೇ ಮತ್ತೆ ನೋಡಿ ನಾಚಬಹುದು. ನಷ್ಟವೂ ಇದೆ. ಎದುರಿಗೆ ಕುಳಿತವನ ಕಣ್ಣಿನಲ್ಲಿ ಅರ್ಥವಾಯಿತೋ ಇಲ್ಲವೋ ಎಂಬುದನ್ನು ಓದುವ ವಿದ್ಯೆ ಅಲ್ಲಿ ಬರುವುದಿಲ್ಲ. ಅರ್ಧ ಜನರ ಮುಖವೇ ಕಾಣದಿದ್ದರೆ ಓದುವುದೇನನ್ನು? ಆದಕಾರಣ ಎರಡನ್ನೂ ಬೆರಸಿದ ಮಿಶ್ರಕ್ರಮವೇ ಯುಕ್ತವೆಂದು ನನಗೆ ತೋರುತ್ತದೆ.

ಇನ್ನು ವೇಳೆಯ ಮಾತು. ಪರದೆಯ ತರಗತಿಯು ಸಾಮಾನ್ಯವಾಗಿ ರಾತ್ರಿಗೆ ಬೀಳುತ್ತದೆ. ಹಗಲೆಲ್ಲ ವಾರ್ಡು, ಸಂಜೆ ಅಡಿಗೆಮನೆ, ಮಕ್ಕಳ ಪಾಠ. ಇಷ್ಟೂ ಮುಗಿದ ಮೇಲೆ ಒಬ್ಬ ತಾಯಿ ಗಣಕಯಂತ್ರದ ಮುಂದೆ ಕುಳಿತರೆ ಅವಳಿಗೆ ಏಕಾಗ್ರತೆ ಎಲ್ಲಿಂದ ಬರಬೇಕು? ಬೇರೆ ಊರಿನ ಶಿಬಿರಕ್ಕೆ ರಜೆ ಮಂಜೂರು ಮಾಡುವ ಕಾಲೇಜು ಈ ಗಂಟೆಯನ್ನೂ ಕೆಲಸದ ವೇಳೆಯಲ್ಲಿ ಲೆಕ್ಕ ಹಿಡಿಯತಕ್ಕದ್ದು. ಅದಾಗುವ ತನಕ ಮನೆಯಲ್ಲಿ ಅಂಥವರಿದ್ದರೆ, ವಾರಕ್ಕೊಂದು ಸಂಜೆಯ ಅಡಿಗೆಯನ್ನು ಉಳಿದವರು ನೋಡಿಕೊಳ್ಳಬಹುದು.