ಮಾಪೂನ್

ಮಾಪೂನ್ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ, ಕೇಪ್ ಯಾರ್ಕ್ ಪರ್ಯಾಯದ್ವೀಪದ ಪಶ್ಚಿಮ ಕರಾವಳಿಯಲ್ಲಿರುವ ಒಂದು ಚಿಕ್ಕ ಮೂಲನಿವಾಸಿ ಗ್ರಾಮ. ಕಾರ್ಪೆಂಟೇರಿಯಾ ಕೊಲ್ಲಿಗೆ ಮುಖಮಾಡಿರುವ ಈ ಊರಿನ ಜನಸಂಖ್ಯೆ ಕೆಲವು ನೂರು ಮಾತ್ರ. ೧೯೬೩ರಲ್ಲಿ ಸರ್ಕಾರದ ಆಜ್ಞೆಯಂತೆ ಇದನ್ನು ಬಲವಂತವಾಗಿ ತೆರವುಗೊಳಿಸಿ ಮನೆಗಳಿಗೆ ಬೆಂಕಿ ಇಡಲಾಯಿತು. ಹನ್ನೊಂದು ವರ್ಷಗಳ ನಂತರ ಇಲ್ಲಿಯ ಜನರು ತಾವಾಗಿಯೇ ಮರಳಿ ಬಂದು ನೆಲೆಸಿದರು.

ನೆಲ ಮತ್ತು ಜನ

ವೆನ್‌ಲಾಕ್ ಮತ್ತು ಡ್ಯೂಸಿ ನದಿಗಳು ಪೋರ್ಟ್ ಮಸ್‌ಗ್ರೇವ್ ಎಂಬ ಖಾರಿಯನ್ನು ಸೇರುವ ಸ್ಥಳದ ಸಮೀಪದಲ್ಲಿ ಊರಿದೆ. ಬಾಕ್ಸೈಟ್ ಅದಿರಿನಿಂದ ಕೆಂಪಾದ ಮಣ್ಣು ಇಲ್ಲಿಯ ಕರಾವಳಿಯ ವೈಶಿಷ್ಟ್ಯ. ಇದು ಟ್ಜುಂಗುಂಡ್ಜಿ ಜನಾಂಗದ ನಾಡು. ಅವರ ಭಾಷೆಯಲ್ಲಿ ಮಾಪೂನ್ ಎಂದರೆ ‘ಮರಳುದಿಬ್ಬಗಳ ಮೇಲೆ ಕಾದಾಡುವ ಸ್ಥಳ’ ಎಂಬ ಅರ್ಥವಿದೆ.

ಮಿಷನ್ ಕಾಲ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುತ್ತಿನ ಚಿಪ್ಪು ಹಾಗೂ ಕಡಲಸೌತೆ ಸಂಗ್ರಹಿಸುವ ಹಡಗುಗಳು ಈ ಕರಾವಳಿಯಿಂದ ಕೂಲಿಯಾಳುಗಳನ್ನು ಒಯ್ಯುತ್ತಿದ್ದವು. ಅನೇಕ ಸಲ ಅದು ಅಪಹರಣವೇ ಆಗಿರುತ್ತಿತ್ತು. ಇಂತಹ ಸನ್ನಿವೇಶದಲ್ಲಿ, ೧೮೯೧ರ ನವೆಂಬರ್‌ನಲ್ಲಿ, ಮೊರೇವಿಯನ್ ಪಾದ್ರಿಗಳಾದ ಜೇಮ್ಸ್ ವಾರ್ಡ್ ಮತ್ತು ನಿಕೊಲಾಸ್ ಹೇ ಅವರು ಪ್ರೆಸ್ಬಿಟೇರಿಯನ್ ಚರ್ಚಿನ ಪರವಾಗಿ ಇಲ್ಲಿ ಮಿಷನ್ ಸ್ಥಾಪಿಸಿದರು. ವಾರ್ಡ್ ೧೮೯೫ರಲ್ಲಿ ತೀರಿಕೊಂಡರು. ಹೇ ೧೯೧೯ರವರೆಗೂ ಆಡಳಿತ ನಡೆಸಿದರು.

ಮಿಷನ್ ರಕ್ಷಣೆಯನ್ನೂ ಅಕ್ಷರವನ್ನೂ ಕೊಟ್ಟಿತು, ಜೊತೆಗೆ ಕಟ್ಟುಪಾಡನ್ನೂ ಹೇರಿತು. ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ವಸತಿಗೃಹಗಳಲ್ಲಿ ಇರಿಸಲಾಗುತ್ತಿತ್ತು. ೧೮೯೭ರ ಕ್ವೀನ್ಸ್‌ಲ್ಯಾಂಡ್ ಕಾಯಿದೆಯ ಬಲದಿಂದ ದೂರದ ಪ್ರದೇಶಗಳ ಮಕ್ಕಳನ್ನೂ ಇಲ್ಲಿಗೆ ಕಳುಹಿಸಿದರು. ಹೀಗೆ ಬಂದವರು ಇಲ್ಲಿಯೇ ಬೆಳೆದು, ಸ್ಥಳೀಯರೊಡನೆ ವಿವಾಹವಾಗಿ ಬೆರೆತುಹೋದರು. ಆದ್ದರಿಂದ ‘ಮಾಪೂನ್ ಜನ’ ಎಂಬುದು ಒಂದು ಕುಲದ ಹೆಸರಲ್ಲ, ಅನೇಕ ಕುಲಗಳು ಕೂಡಿ ಆದ ಸಮುದಾಯದ ಹೆಸರು. ಹುಟ್ಟೂರನ್ನು ಒಮ್ಮೆ ಕಳೆದುಕೊಂಡು ಬಂದವರಿಗೆ ಇದೊಂದೇ ಊರು ಉಳಿದಿತ್ತೆಂಬುದನ್ನು ನೆನೆದರೆ, ಮುಂದೆ ನಡೆದುದರ ತೀವ್ರತೆ ಅರ್ಥವಾಗುತ್ತದೆ.

೧೯೬೩ರ ತೆರವು

ಗಣಿಗಾರಿಕೆಗಾಗಿಯೇ ಊರನ್ನು ಸುಡಲಾಯಿತು ಎಂಬ ಮಾತು ಪ್ರಚಲಿತವಾಗಿದೆ. ವಾಸ್ತವ ಇದಕ್ಕಿಂತ ಸ್ವಲ್ಪ ಜಟಿಲ. ವೆಚ್ಚದ ಕಾರಣದಿಂದ ಮಿಷನ್ ಮುಚ್ಚಬೇಕೆಂಬ ಆಲೋಚನೆ ಚರ್ಚು ಮತ್ತು ಸರ್ಕಾರದ ನಡುವೆ ೧೯೫೪ರ ವೇಳೆಗೇ ಮೂಡಿತ್ತು. ವೈಪಾ ಪ್ರದೇಶದ ಬಾಕ್ಸೈಟ್ ನಿಕ್ಷೇಪವನ್ನು ಭೂವಿಜ್ಞಾನಿ ಹ್ಯಾರಿ ಇವಾನ್ಸ್ ಗುರುತಿಸಿದ್ದು ೧೯೫೫ರಲ್ಲಿ. ಆದರೆ ೧೯೫೭ರಲ್ಲಿ ಕೊಮಾಲ್ಕೊ ಕಂಪನಿಗೆ ವಿಶೇಷ ಕಾಯಿದೆಯ ಮೂಲಕ ಮೂಲನಿವಾಸಿಗಳ ಮೀಸಲು ಭೂಮಿಯ ವಿಶಾಲ ಭಾಗವನ್ನು ಗುತ್ತಿಗೆ ಕೊಟ್ಟ ಮೇಲೆ, ಜನರನ್ನು ಅಲ್ಲಿಯೇ ಉಳಿಸಿಕೊಳ್ಳುವ ಆಸಕ್ತಿ ಸರ್ಕಾರಕ್ಕೆ ಉಳಿಯಲಿಲ್ಲ. ಹೊರಡಲು ಒಪ್ಪದವರಿಗೆ ಸೌಲಭ್ಯಗಳನ್ನು ಒಂದೊಂದಾಗಿ ನಿಲ್ಲಿಸಲಾಯಿತು.

೧೯೬೩ರ ನವೆಂಬರ್ ೧೫ರ ರಾತ್ರಿ ಸಶಸ್ತ್ರ ಪೊಲೀಸರು ದೋಣಿಯಲ್ಲಿ ಬಂದಿಳಿದರು. ಇಪ್ಪತ್ಮೂರು ಜನರನ್ನು ವಶಕ್ಕೆ ಪಡೆದು, ಪರ್ಯಾಯದ್ವೀಪದ ಉತ್ತರ ತುದಿಯಲ್ಲಿರುವ ಬಮಾಗಾ ಬಳಿಗೆ ಹಡಗಿನಲ್ಲಿ ಸಾಗಿಸಲಾಯಿತು. ಅಲ್ಲಿ ನಿರ್ಮಿಸಿದ ವಸತಿಗೆ ‘ನ್ಯೂ ಮಾಪೂನ್’ ಎಂದು ಹೆಸರಾಯಿತು. ಜನರು ಪುನಃ ಬಾರದಂತೆ ಹಳೆಯ ಊರಿನ ಮನೆಗಳನ್ನೂ ಚರ್ಚನ್ನೂ ಸುಟ್ಟುಹಾಕಲಾಯಿತು. ಉಳಿದವರು ೧೯೬೪ರ ಹೊತ್ತಿಗೆ ಹೊರಟುಹೋದರು.

ಮರಳಿ ಬಂದವರು

೧೯೭೪ರಲ್ಲಿ ಜೆರ್ರಿ ಹಡ್ಸನ್ ಮೊದಲಾದವರ ಮುಂದಾಳುತನದಲ್ಲಿ ಕೆಲವು ಕುಟುಂಬಗಳು ಸರ್ಕಾರದ ವಿರೋಧವನ್ನು ಲೆಕ್ಕಿಸದೆ ಮರಳಿದವು. ಮರುವರ್ಷ ಪ್ರಕಟವಾಗತೊಡಗಿದ ಮಾಪೂನ್ ಗ್ರಂಥಮಾಲೆಯ ಮೊದಲನೆಯ ಸಂಪುಟದಲ್ಲಿ ಜನರು ತಮ್ಮ ಕಥೆಯನ್ನು ತಾವೇ ಹೇಳಿದ್ದಾರೆ; ಸರ್ಕಾರಿ ಕಡತಗಳಲ್ಲಿ ದೊರೆಯದ ಈ ನೆನಪುಗಳು ಊರಿನ ಇತಿಹಾಸಕ್ಕೆ ಮುಖ್ಯ ಆಧಾರ. ೧೯೮೯ರಲ್ಲಿ ಭೂಮಿಯನ್ನು ಸಮುದಾಯದ ಹೆಸರಿನಲ್ಲಿ ನ್ಯಾಸವಾಗಿ ವಹಿಸಿಕೊಡಲಾಯಿತು. ೨೦೦೦ದಲ್ಲಿ ಊರಿಗೆ ತನ್ನದೇ ಆದ ಸ್ಥಳೀಯ ಮಂಡಳಿ ದೊರೆಯಿತು.

ಮಳೆಗಾಲದಲ್ಲಿ ವೈಪಾದಿಂದ ಬರುವ ರಸ್ತೆಯ ಸಂಪರ್ಕ ಈಗಲೂ ಕಡಿದುಹೋಗುವುದುಂಟು. ಊರಿನ ಭೂ-ಸಾಗರ ರಕ್ಷಕರು ಕಡಲಾಮೆಗಳ ಗೂಡುಗಳನ್ನು ಕಾಡುಹಂದಿಗಳಿಂದ ಕಾಯುವ ಹಾಗೂ ತೀರಕ್ಕೆ ತೇಲಿಬರುವ ಅನಾಥ ಮೀನುಬಲೆಗಳನ್ನು ತೆಗೆಯುವ ಕಾರ್ಯದಲ್ಲಿ ತೊಡಗಿದ್ದಾರೆ.