ನಿರೂಪಕರ ನಾದಮುದ್ರೆ

ಎಫ್‌ಎಂ ರೇಡಿಯೊ ಹಾಕಿದೊಡನೆ ನಾಲ್ಕೈದು ಸೆಕೆಂಡುಗಳ ಒಂದು ಸಂಗೀತದ ತುಣುಕು ಕೇಳಿಸುವುದುಂಟು. ಕೇಂದ್ರದ ಹೆಸರು, ಆವೃತ್ತಿ, ಕೆಲವೊಮ್ಮೆ ನಿರೂಪಕರ ಹೆಸರು ಅದರಲ್ಲಿ ಹಾಡಾಗಿರುತ್ತವೆ. ಇದೇ ಜಿಂಗಲ್, ಆ ನಿರೂಪಕರ ನಾದಮುದ್ರೆ ಎನ್ನಬಹುದು.

ಈ ಪದ್ಧತಿ ಹೊಸದಲ್ಲ. ತಂಬೂರಿಯ ಶ್ರುತಿಯ ಮೇಲೆ ಪಿಟೀಲು ನುಡಿಯುವ ಆಕಾಶವಾಣಿಯ ಸಂಕೇತ ಸಂಗೀತವನ್ನು ವಾಲ್ಟರ್ ಕಾಫ್‌ಮನ್ 1930ರ ದಶಕದಲ್ಲಿ ರಚಿಸಿದರು. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿಯ ಕೇಳುಗರಿಗೂ ಅದು ಚಿರಪರಿಚಿತ. 2000ರ ದಶಕದ ಕೊನೆಯ ಹೊತ್ತಿಗೆ ನಗರಕ್ಕೆ ಖಾಸಗಿ ಎಫ್‌ಎಂ ಬಂದಿತು. 2009ರಲ್ಲಿ ಸೇಂಟ್ ಅಲೋಶಿಯಸ್ ಕಾಲೇಜಿನ ಸಮುದಾಯ ಬಾನುಲಿ ‘ರೇಡಿಯೊ ಸಾರಂಗ್’ 107.8 ಮೆಗಾಹರ್ಟ್ಸ್‌ನಲ್ಲಿ ಪ್ರಸಾರ ತೊಡಗಿತು. ಇಂಥ ಕಡೆ ಹೊಸ ನಿರೂಪಕರು ತಮ್ಮದೇ ರಾಗ ಕಟ್ಟಿಕೊಳ್ಳಲು ಹೊರಟರೆ ಒಂದು ತೊಡಕು ಎದುರಾಗುತ್ತದೆ. ಸ್ಟುಡಿಯೊದಲ್ಲಿ ಎದೆಗೆ ತಾಗುತ್ತಿದ್ದ ಸಂಗೀತ ಸಿಟಿ ಬಸ್ಸಿನಲ್ಲಿ ಕುಳಿತವರ ಮೊಬೈಲಿನಲ್ಲಿ ಸಪ್ಪೆಯಾಗುತ್ತದೆ. ಏಕೆ?

ಮೊಬೈಲಿನ ಸ್ಪೀಕರು ಉಗುರಿನಷ್ಟು ದೊಡ್ಡದು. ತಗ್ಗು ಆವೃತ್ತಿಯ ಸದ್ದಿಗೆ ಹೆಚ್ಚು ಗಾಳಿಯನ್ನು ಅಲುಗಿಸಬೇಕು; ಅದಕ್ಕೆ ಆ ಶಕ್ತಿಯಿಲ್ಲ. 100 ಹರ್ಟ್ಸ್‌ನ ಗುಂಕಾರ ಅಲ್ಲಿ ಬಹುತೇಕ ಸತ್ತೇಹೋಗುತ್ತದೆ. ಅಳಿದುಳಿದದ್ದನ್ನು ಎಂಜಿನ್ನಿನ ಗುಡುಗು ಮುಚ್ಚುತ್ತದೆ. ಪ್ರಸಾರದ ಅಂಚಿನ ಊರುಗಳಲ್ಲಾದರೆ ಎಫ್‌ಎಂನ ‘ಸ್ಸ್’ ಎಂಬ ಗೊರಲು ಏರು ಆವೃತ್ತಿಗಳನ್ನು ನುಂಗುತ್ತದೆ. ಉಳಿಯುವುದು ನಡುವಿನ ಪಟ್ಟಿ. ಅದೃಷ್ಟವಶಾತ್ ನಮ್ಮ ಕಿವಿ ಅತ್ಯಂತ ಚುರುಕಾಗಿರುವುದು 2,000ದಿಂದ 5,000 ಹರ್ಟ್ಸ್‌ವರೆಗೆ. ಯಕ್ಷಗಾನದ ಚೆಂಡೆಯ ಚುರುಕು ಏಟು ಬಯಲಿನಾಚೆಗೂ ಎದ್ದು ಕೇಳಿಸುವುದನ್ನು ನೆನೆಯಿರಿ.

ಹಾಗಾದರೆ ಮಂದ್ರಸ್ವರವೇ ಬೇಡವೆ? ಬೇಕು, ಆದರೆ ವಾದ್ಯವನ್ನು ಆರಿಸಬೇಕು. ವೀಣೆಯ ತಂತಿ 100 ಹರ್ಟ್ಸ್‌ನಲ್ಲಿ ಮಿಡಿದಾಗ 200, 300, 400, 500 ಹರ್ಟ್ಸ್‌ನ ಉಪಸ್ವರಗಳೂ ಹೊಮ್ಮುತ್ತವೆ. ಸ್ಪೀಕರು ಮೂಲಸ್ವರವನ್ನು ಕೈಬಿಟ್ಟರೂ ಉಪಸ್ವರಗಳ ನಡುವಿನ ಅಂತರವನ್ನು ಹಿಡಿದು ಮಿದುಳು 100 ಹರ್ಟ್ಸ್‌ನ ಸ್ಥಾಯಿಯನ್ನೇ ಗ್ರಹಿಸುತ್ತದೆ. ಇಲ್ಲದ ಸ್ವರವನ್ನು ನಾವು ಕೇಳುತ್ತೇವೆ! ಉಪಸ್ವರಗಳೇ ಇಲ್ಲದ ಕಂಪ್ಯೂಟರಿನ ಶುದ್ಧ ಮಂದ್ರನಾದಕ್ಕೆ ಈ ಭಾಗ್ಯವಿಲ್ಲ.

ಇದನ್ನು ತರಗತಿಯಲ್ಲೇ ನೋಡಬಹುದು. ಸ್ವರ ಹೊರಡಿಸುವ ಯಾವುದಾದರೂ ತಂತ್ರಾಂಶದಿಂದ 100 ಹರ್ಟ್ಸ್‌ನ ಒಂಟಿ ಸ್ವರವನ್ನು ಮೊಬೈಲಿನಲ್ಲಿ ನುಡಿಸಿ, ಕಷ್ಟದಿಂದ ಕೇಳಿಸೀತು. ಬಳಿಕ 500, 600, 700, 800 ಹರ್ಟ್ಸ್‌ಗಳನ್ನು ಒಟ್ಟಿಗೆ ನುಡಿಸಿ, ಕೇಳಿಸುವ ಸ್ಥಾಯಿಯನ್ನು ಹಾರ್ಮೋನಿಯಮ್ಮಿನಲ್ಲಿ ಹುಡುಕಲು ವಿದ್ಯಾರ್ಥಿಗಳಿಗೆ ಹೇಳಿ.

ರಾಗದ ಗುರುತು ಆವೃತ್ತಿಗಳ ಅನುಪಾತದಲ್ಲಿದೆ, ಬಿಡಿ ಸಂಖ್ಯೆಗಳಲ್ಲಿಲ್ಲ. ಷಡ್ಜ-ಪಂಚಮಗಳದು ಎಲ್ಲಿದ್ದರೂ 2:3. ಆದ್ದರಿಂದ ಒಂದೇ ಜಿಂಗಲನ್ನು ನಿರೂಪಕಿಯ ಏರುದನಿಗೂ ನಿರೂಪಕನ ತಗ್ಗುದನಿಗೂ ಹೊಂದಿಸಿಕೊಳ್ಳಬಹುದು. ಮಾತು ಶುರುವಾದಾಗ ಮಾತ್ರ ಸಂಗೀತ ಹಿಂದೆ ಸರಿಯಬೇಕು: 10 ಡೆಸಿಬೆಲ್ ಇಳಿಸಿದರೆ ಅದರ ಶಕ್ತಿ ಹತ್ತನೆಯ ಒಂದು ಭಾಗವಾಗುತ್ತದೆ, ಕಿವಿಗೆ ಸುಮಾರು ಅರ್ಧದಷ್ಟಾದಂತೆ ತೋರುತ್ತದೆ. ಇಷ್ಟೂ ಇಳಿಸದೆ ನಿರೂಪಕರ ಹೆಸರನ್ನೇ ಮುಳುಗಿಸುವ ಜಿಂಗಲುಗಳಿಗೇನೂ ಕೊರತೆಯಿಲ್ಲ.