ಬಂಡೆಯ ಮರೆಗೆ ಸರಿದ ವಿಮಾನ

ಹಂಪಿಯ ಹೆಬ್ಬಂಡೆಯ ಆಚೆ ನಿಂತವನಿಗೆ ಕೈಸನ್ನೆ ಮಾಡಿ ಫಲವೇನು? ಬಾನುಲಿ ಅಲೆಗಳ ಅಂಕೆಯಲ್ಲಿ ಹಾರುವ ಪುಟ್ಟ ವಿಮಾನದ ಸಂಕಟವೂ ಇದೇ. ಹಿಂದೆ ಬಳಕೆಯಲ್ಲಿದ್ದ 35 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 8.5 ಮೀಟರು, ಇಂದಿನ 2.4 ಗಿಗಾಹರ್ಟ್ಸ್ ಅಲೆಯದು 12.5 ಸೆಂಟಿಮೀಟರು, ಗೇಣಿಗಿಂತ ಗಿಡ್ಡ! ಬಂಡೆಯನ್ನು ಬಳಸಿ ಸಾಗುವ ಶಕ್ತಿ ಅದಕ್ಕೆ ತೀರ ಕಡಿಮೆ. ಸಂಡೂರಿನ ಗುಡ್ಡದ ಮರೆಗೆ ಸರಿದರೂ ಅದೇ ಗತಿ. ಕಂಪ್ಲಿಯ ಬಯಲಿನಲ್ಲಿ ಈ ತೊಡಕಿಲ್ಲ. (ಹಂಪಿಯ ಸ್ಮಾರಕಗಳ ಮೇಲಂತೂ ಅಪ್ಪಣೆಯಿಲ್ಲದೆ ಹಾರಿಸುವಂತಿಲ್ಲ.)

ಕೈಯಲ್ಲಿನ ಯಂತ್ರದ ಆಂಟೆನಾ ತುದಿಯನ್ನು ವಿಮಾನದತ್ತ ಚಾಚುವುದು ಎಳೆಯರ ಸಹಜ ಪ್ರಮಾದ; ತುದಿಯ ದಿಕ್ಕಿನಲ್ಲಿಯೇ ಅಲೆ ಅತಿ ಕ್ಷೀಣ. ವಿಮಾನದೊಳಗಿನ ಎರಡು ತಂತಿಗಳು ಪರಸ್ಪರ ಲಂಬವಾಗಿರಬೇಕು. ಸಂಕೇತ ತಪ್ಪಿದೊಡನೆ ಎಂಜಿನ್ ತಾನಾಗಿ ನಿಲ್ಲುವಂತೆ ನೆಲದಲ್ಲಿಯೇ ಅಳವಡಿಸಿ, ಪರೀಕ್ಷಿಸಿದ ಬಳಿಕವೇ ಹಾರಿಸತಕ್ಕದ್ದು. ಅಂಕೆ ತಪ್ಪಿದ ವಿಮಾನದ ಕೆಳಗೆ ಗದ್ದೆಯಲ್ಲಿ ನಾಟಿ ಮಾಡುವವರಿರುತ್ತಾರೆ.